ಸೆಣಬಿನ ಚರಗ

ನಿಡಗುಂದಿ ಕಡೆಯ ನಮ್ಮೂರಲ್ಲಿ ಸಾವಂತ್ರವ್ವನ ಮಾತು ಮೀರಿ ಅವಳ ಹೊಲದಲ್ಲಿ ಒಂದು ಕಡ್ಡಿಯೂ ಅಲುಗುವುದಿಲ್ಲ. ಗಂಡ ಬಸಂತರಾಯ ಕೂಡ ರಂಟೆ ಹೂಡುವ ಮೊದಲು ಅವಳ ಮುಖ ನೋಡುತ್ತಾನೆ. ಪಕ್ಕದ ಹೊಲದವನಾದ ನಾನಂತೂ ಅವಳ ಬದುವಿಗೆ ಕೆಮ್ಮಿಯೇ ಕಾಲಿಡುತ್ತೇನೆ.

ಅಂಥವಳನ್ನು ಒಪ್ಪಿಸಿದ್ದು ಸೊಸೆ ವಿಜಯಶ್ರೀ. ವರ್ಷವರ್ಷ ಗೋವಿನಜೋಳಕ್ಕೆ ಯೂರಿಯಾ ಸುರಿದು ಮಣ್ಣು ಬಿರುಸಾಗಿತ್ತು. ಚಳಿಗಾಲದಲ್ಲಿ ಸೆಣಬು ಬಿತ್ತಿ, ಹೂ ಬಿಟ್ಟ ಕೂಡಲೇ ಹಸಿಯಾಗಿಯೇ ಮಣ್ಣಿಗೆ ಸೇರಿಸಿದರೆ, ಬೇಸಿಗೆಯ ಗೋವಿನಜೋಳಕ್ಕೆ ಕಡಿಮೆ ಗೊಬ್ಬರ ಸಾಕು ಎಂಬುದು ಅವಳ ವಾದ.

"ಆತು, ಒಂದ ಸಲ ನೋಡೂಣು," ಎಂದಳು ಅತ್ತೆ.

ಸೆಣಬು ಎದೆಯುದ್ದ ಬೆಳೆದು ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಹೊಲವೆಲ್ಲ ಹಳದಿಯಾಯಿತು. ಅಲ್ಲೇ ಎಡವಟ್ಟಾಯಿತು. ಎಳ್ಳಮಾಸಿಗೆ ನಮ್ಮ ಭೂಮಿತಾಯಿ ಬಸುರಿ. ಕಡುಬು, ರೊಟ್ಟಿ, ಪಲ್ಯ ಕಲಸಿ ಹೊಲದ ತುಂಬ ಚರಗ ಚೆಲ್ಲಿ ಅವಳ ಬಯಕೆ ತೀರಿಸುತ್ತೇವೆ. ಹಬ್ಬದ ಮರುದಿನ ಬಾಡಿಗೆಗೆ ಉಳುವ ಬಂದೇನವಾಜ ಸೆಣಬು ಮಗುಚಲು ಟ್ರ್ಯಾಕ್ಟರ್ ತಂದರೆ ಸಾವಂತ್ರವ್ವ ಅಡ್ಡ ನಿಂತಳು.

"ನಿನ್ನಿ ಬಯಕಿ ಊಟಾ ಹಾಕೇನಿ. ಇವತ್ತ ಬಸರಿ ಹೊಟ್ಟಿ ಮ್ಯಾಲ ಗಾಲಿ ಹಾಯಸ್ಲೇನು? ಹೋಗೋ ಮನಿಗೆ!"

"ಬಾ ಅಂದಾಕಿನೂ ನೀನ ಅಲ್ಲೇನಬೇ ಅವ್ವಾ," ಎಂದು ಗೊಣಗಿ ಅವನು ಹೊರಟ.

"ಅತ್ತಿ, ಹೂ ಕಾಯಾದ್ರ ಕಡ್ಡಿ ಬಲೀತಾವ್ರಿ. ಆಮ್ಯಾಲ ಮಣ್ಣಾಗ ಲಗೂನ ಕೊಳಿಯಂಗಿಲ್ಲ. ಮತ್ತ ಯೂರಿಯಾನ ಗತಿ," ಎಂದಳು ವಿಜಯಶ್ರೀ. ಅತ್ತೆ ಜಗ್ಗಲಿಲ್ಲ. ಸೊಸೆ ಮಾತು ಬಿಟ್ಟಳು. ಅಷ್ಟರಲ್ಲಿ ಬದುವಿನ ಸಾಲಿನಲ್ಲಿ ಎಳೆಗಾಯಿ ಕಾಣಿಸಿಕೊಂಡವು. ಆ ಹುಡುಗಿಯ ಮುಖ ನೋಡಿ ನನಗೇ ಸಂಕಟವಾಯಿತು.

ಒಂದು ಮುಂಜಾನೆ ನಾನು ಕೆಮ್ಮಿ ಬದು ಹತ್ತಿದಾಗ ಸಾವಂತ್ರವ್ವ ಸೆಣಬಿನ ಬುಡದಲ್ಲಿ ಕೂತು ಮಣ್ಣು ಕೆದಕುತ್ತಿದ್ದಳು.

"ನಾ ಚೆಲ್ಲಿದ ಕಡಬು ಎಲ್ಲಿ ಹೋದುವೋ?"

"ಇರವಿ ತಿಂದು ಉಳದದ್ದು ಮಣ್ಣಿಗೆ ಹೋತು. ಮತ್ತೆಲ್ಲಿಗೆ ಹೋಗಬೇಕು?" ಎಂದೆ.

ಅವಳು ಕೈಯ ಮಣ್ಣು ಕೊಡವಿ ಎದ್ದಳು. ಆಮೇಲೆ ಸೊಸೆಯನ್ನು ಕೂಗಿದಳು. "ವಿಜೀ, ನಾ ಒಂದ ಬುಟ್ಟಿ ಉಣಿಸಿದ್ದೆ. ಬಸರಿಗೆ ಅಷ್ಟಕ್ಕ ಹೊಟ್ಟಿ ತುಂಬತೈತೇನ? ಇಡೀ ಹೊಲದ ಸೆಣಬ ಆಕಿಗೆ ಚರಗ ಆಗಲಿ. ಬಂದೇನವಾಜಗ ಫೋನ್ ಹಚ್ಚು."

ಟ್ರ್ಯಾಕ್ಟರ್ ಬಂದಾಗ ತಾನೇ ಒಂದು ಮಡಿಲು ಸೆಣಬು ಕೊಯ್ದು, ಚರಗದಂತೆಯೇ ತೂರಿ, ಬದಿಗೆ ಸರಿದಳು. ವಿಜಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೊಬ್ಬರ ಕಡಿಮೆ ಹಾಕಿದರೂ ಅವರ ಗೋವಿನಜೋಳ ನನ್ನದಕ್ಕಿಂತ ಕಡುಹಸಿರಾಗಿ, ದಟ್ಟವಾಗಿ ಬಂತು. ಹೊಟ್ಟೆಕಿಚ್ಚಾಗಿ ಅದನ್ನೇ ಹೇಳಿದೆ.

ಸಾವಂತ್ರವ್ವ ನನ್ನ ಹೊಲದ ಕಡೆ ನೋಡಿದಳು. "ನಿನ್ನಾಕಿ ಉಪಾಸ ಅದಾಳಲ್ಲೋ," ಎಂದಳು.