ಬೀಗರ ಮುಂದೆ ಮುಚ್ಚಿಟ್ಟ ಜಡ್ಡು

ನಮ್ಮ ಅಣ್ಣನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಂತಾದಾಗ ವಿಜಯಪುರದ ವೈದ್ಯೆ ಅದನ್ನು ನರಗಳು ಸೋತು ಸ್ನಾಯು ಸೊರಗುವ ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದ್ದೇ ತಡ, ಕಾಖಂಡಕಿಯಿಂದ ಜೊತೆಗೆ ಬಂದಿದ್ದ ಸೋದರತ್ತೆ ಸೆರಗು ಸರಿಮಾಡಿಕೊಂಡರು.

“ಒಬ್ಬರಿಗೂ ಒಂದು ಜಡ್ಡಿಲ್ರಿ. ಹನ್ನೆರಡು ಎಕರೆ ನೀರಾವರಿ ಹೊಲ ಐತ್ರಿ.”

ಸಂಬಂಧ ಕೇಳಲು ಬಂದವರಿಗೆ ಹೇಳಿ ಹೇಳಿ ಬಾಯಿಪಾಠವಾದ ಉತ್ತರ ಅದು. ನನಗೆ ಸಿಟ್ಟು ನೆತ್ತಿಗೇರಿತು. ವೈದ್ಯೆ ನಕ್ಕರು.

“ಯವ್ವಾ, ನಾ ಸಂಬಂಧ ಕೇಳಾಕ ಬಂದಿಲ್ರಿ.”

ಅತ್ತೆ ಅಣ್ಣನ ಸೊರಗಿದ ಕೈಯನ್ನು ನೋಡಿದರು. “ನನ್ನ ತಮ್ಮಗೂ, ಇವನ ಕಾಕಾಗ, ಹಿಂಗಽ ಆಗಿತ್ರಿ. ಬಿದ್ದು ಪೆಟ್ಟಾಗೇತಿ ಅಂತ ಊರಿಗೆ ಹೇಳಿದ್ವಿ.”

ಆ ಮಾತಿನ ಮೇಲೆ ಅಣ್ಣನ ರಕ್ತ ಜೀನ್ ಪರೀಕ್ಷೆಗೆ ಹೋಯಿತು. ದೋಷ ಸಿಕ್ಕಿತು. ಆ ದೋಷಕ್ಕೆಂದೇ ಒಂದು ಔಷಧಿ ಬಂದಿದೆಯಂತೆ. ತರಿಸುವ ಪ್ರಯತ್ನ ನಡೆದಿದೆ.

ಹೋದ ವಾರ ಕಳ್ಳಕವಟಗಿ ಊರಿನವರು ನನ್ನ ಮಗಳನ್ನು ನೋಡಲು ಬಂದರು. ಚಹಾ ಬರುವ ಮೊದಲೇ ಅತ್ತೆ ಎಲ್ಲವನ್ನೂ ಹೇಳಿಬಿಟ್ಟರು. ಆಮೇಲೆ ಹುಡುಗನ ಅಜ್ಜಿ ಅತ್ತೆಯ ಪಕ್ಕಕ್ಕೆ ಸರಿದು ಕುಳಿತರು.

“ನಮ್ಮ ಮನ್ಯಾಗೂ ಒಬ್ಬರ ಜಡ್ಡು ಮುಚ್ಚಿಟ್ಟೇವ್ರಿ. ಆ ಡಾಕ್ಟರ್ ಎಲ್ಲಿ ಕೂಡ್ತಾರ್ರಿ?”