ಫ್ಲೆಕ್ಸಿನ ಕೆಳಗಿನ ಸಾಲು

ಕಳೆದ ವಾರ ನಾನು ಒಂದು ದೇಶದ ಮಾಜಿ ಅಧ್ಯಕ್ಷರನ್ನು ಕಿತ್ತುಹಾಕಿದೆ. ಅದೂ ಬೈಲಹೊಂಗಲದಲ್ಲಿ ಕೂತುಕೊಂಡೇ. (ಗಾಬರಿ ಬೇಡ, ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ.)

ಆದದ್ದಿಷ್ಟು. ಜೂನ್ ಒಂದಕ್ಕೆ ನನಗೆ ಐವತ್ತು ತುಂಬಿತು. ನನ್ನ ತಮ್ಮ ಈರಣ್ಣನದು ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ. ಅಕ್ಕನಿಗೆ ಐವತ್ತಾದರೆ ಅವನು ಸುಮ್ಮನಿರುತ್ತಾನೆಯೇ? ಅಂಗಡಿ ಮುಂದೆ ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿಯೇ ಬಿಟ್ಟ. ಮೇಲೆ ನನ್ನ ದೊಡ್ಡ ಫೋಟೊ. ಕೆಳಗಿನ ಸಾಲಿನಲ್ಲಿ ನಾನು ಹುಟ್ಟಿದ ವರ್ಷವೇ ಹುಟ್ಟಿದ ಜಗತ್ತಿನ ಗಣ್ಯರು. ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬ ಹಾಲಿವುಡ್ ನಟಿ, ಒಬ್ಬ ವಿಜ್ಞಾನಿ, ಜೊತೆಗೆ ಈ ಮಾಜಿ ಅಧ್ಯಕ್ಷರು. ಎಲ್ಲರನ್ನೂ ಮೊಬೈಲಿನಲ್ಲಿ ಹುಡುಕಿ ಹೆಕ್ಕಿದ್ದ.

ಐಡಿಯಾ ಚೆನ್ನಾಗಿಯೇ ಇತ್ತು. ಎಡವಟ್ಟಾದದ್ದು ಡಿಸೈನಿನಲ್ಲಿ. ನಮ್ಮ ಕಡೆಯ ಬರ್ತ್‌ಡೇ ಫ್ಲೆಕ್ಸ್ ನಿಮಗೆ ಗೊತ್ತಲ್ಲ? ಕೆಳಗಿನ ಫೋಟೊಗಳ ನೆತ್ತಿಯ ಮೇಲೆ ‘ಶುಭ ಕೋರುವವರು’ ಎಂದಿರುತ್ತದೆ. ಹಳೆಯ ಡಿಸೈನನ್ನೇ ಎತ್ತಿಕೊಂಡ ಈರಣ್ಣ ಅದನ್ನು ಅಳಿಸಲು ಮರೆತಿದ್ದ!

“ಅಕ್ಕಾರ, ಇವರೆಲ್ಲಾ ನಿಮಗ ಫೋನ್ ಮಾಡಿದ್ರೇನ್ರಿ?” ಎಂದ ಎದುರಿನ ಚಹಾದಂಗಡಿಯವ.

“ಇಲ್ರಿ, ಬಿಜಿ ಇರತಾರ” ಎಂದೆ. ಸುಳ್ಳಂತೂ ಅಲ್ಲವಲ್ಲ?

ನಿಜ ಹೇಳಲೇ? ನನಗೆ ಭಾರೀ ಖುಷಿಯಾಗಿತ್ತು. ಹೆಂಗಸರು ವಯಸ್ಸು ಮುಚ್ಚಿಡಬೇಕೆಂದು ಯಾರು ಹೇಳಿದ್ದು?

ಆದರೆ ಅವತ್ತು ಮಮ್ತಾಜ್ ಬರಲಿಲ್ಲ.

ಮಮ್ತಾಜ್ ನನ್ನ ವಾರಿಗೆಯವಳು. ಮುನವಳ್ಳಿಯಲ್ಲಿ ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಮಂಗಳವಾರ ಹುಟ್ಟಿದೆ, ಅವಳು ಅದೇ ವಾರದ ಶುಕ್ರವಾರ. ನನ್ನ ಬಾಣಂತಿ ಅವ್ವ ಜ್ವರ ಬಂದು ಮಲಗಿದಾಗ ಇಬ್ಬರಿಗೂ ಹಾಲೂಡಿಸಿದವಳು ಅವಳ ತಾಯಿ. ಶಾಲೆಗೆ ಸೇರಿಸುವಾಗ ಮಾಸ್ತರರು ಇಬ್ಬರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಂಡರು. (ನಿಮಗೂ ಹಾಗೇ ಬರೆದಿರಬೇಕು, ಒಮ್ಮೆ ನೋಡಿಕೊಳ್ಳಿ.) ಈಗ ದೊಡವಾಡದಲ್ಲಿ ಬಟ್ಟೆ ಹೊಲಿಯುತ್ತಾಳೆ. ಪ್ರತಿ ಜೂನ್ ಒಂದಕ್ಕೆ ನಮ್ಮ ಮನೆಗೆ ಬಂದು ಹೋಳಿಗೆ ಉಂಡು ಹೋಗುತ್ತಿದ್ದವಳು ಈ ಸಲ ಬರಲಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಫ್ಲೆಕ್ಸ್ ಫೋಟೊಕ್ಕೆ ಬ್ಲೂ ಟಿಕ್ ಬಿತ್ತು. ಉತ್ತರವಿಲ್ಲ. ಫೋನೂ ಎತ್ತಲಿಲ್ಲ.

ಕಾರಣ ತಿಳಿಯದಷ್ಟು ದಡ್ಡಿಯೇ ನಾನು? ಫ್ಲೆಕ್ಸಿನಲ್ಲಿ ಫೋಟೊ ಬಿಟ್ಟುಹೋದರೆ ನಮ್ಮಲ್ಲಿ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ಜಗತ್ತಿಗೆಲ್ಲ ಜಾಗ ಕೊಟ್ಟು ಅವಳನ್ನು ಬಿಟ್ಟರೆ ಸಿಟ್ಟು ಬಾರದೇ?

“ಮಮ್ತಾಜ್ ಫೋಟೊ ಸೇರಸೋ” ಎಂದೆ ಈರಣ್ಣನಿಗೆ.

“ಜಾಗಾ ಇಲ್ಲಕ್ಕ. ಯಾರನ್ನ ತೆಗೀಲಿ?”

“ಅಧ್ಯಕ್ಷರನ್ನ ತೆಗಿ. ಹೆಂಗೂ ಮಾಜಿ ಅದಾರ.”

ಹೊಸ ಡಿಸೈನ್ ಮೊಬೈಲಿನಲ್ಲಿತ್ತು, ಹೋಳಿಗೆ ಡಬ್ಬಿ ಕೈಯಲ್ಲಿತ್ತು. ಗೆದ್ದವಳ ಠೀವಿಯಲ್ಲೇ ದೊಡವಾಡದ ಬಸ್ ಹತ್ತಿದೆ.

ಮಮ್ತಾಜ್ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಮಷಿನ್ ನಿಲ್ಲಿಸಲಿಲ್ಲ. ಮೊಬೈಲನ್ನು ಅವಳ ಮುಖಕ್ಕೇ ಹಿಡಿದೆ.

“ನನ್ನ ಇಲ್ಲಿ ಯಾಕ ಹಾಕೀದಿ?”

“ಮತ್ತೆಲ್ಲಿ ಹಾಕಬೇಕಿತ್ತ?”

ಈಗ ಮಷಿನ್ ನಿಂತಿತು.

“ಜೂನ್ ಒಂದಕ್ಕ ನನಗೂ ಐವತ್ತ ಆತಲ್ಲ, ಗಿರಿಜಾ. ಪ್ರತಿ ವರ್ಷ ನಿಮ್ಮ ಮನಿಗೆ ಬರತೇನಿ, ಹೋಳಿಗಿ ಉಣ್ಣತೇನಿ, ನಿನಗ ಚಲೋ ಆಗ್ಲಿ ಅಂತೇನಿ. ನೀ ನನಗ ಒಮ್ಮ್ಯಾದ್ರೂ ಅಂದೀಯೇನ?”

ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ನನಗೇ ನಾಚಿಕೆಯಾಯಿತು. ನಾನು ಹುಟ್ಟಿದ ವರ್ಷ ಯಾವ ದೇಶದಲ್ಲಿ ಯಾರು ಹುಟ್ಟಿದರೆಂದು ಊರಿಗೆಲ್ಲ ಸಾರಿದ್ದೆ. ಗೋಡೆಯಾಚೆ ಹುಟ್ಟಿದವಳನ್ನು ಅತಿಥಿ ಎಂದುಕೊಂಡುಬಿಟ್ಟಿದ್ದೆ.

ನಾಚಿಕೆಪಟ್ಟುಕೊಂಡು ಕೂರುವ ಪೈಕಿ ನಾನಲ್ಲ. ಅಲ್ಲಿಂದಲೇ ಈರಣ್ಣನಿಗೆ ಫೋನ್ ಹಚ್ಚಿದೆ. “ಕೆಳಗಿನ ಸಾಲು ಪೂರಾ ತೆಗಿ. ಮ್ಯಾಲ ಎರಡು ದೊಡ್ಡ ಫೋಟೊ ಹಾಕು. ಎರಡೂ ಒಂದ ಸೈಜ್ ಇರಲಿ.”

“ಫುಟ್‌ಬಾಲ್‌ನಂವನ್ನೂ ತೆಗೀಲೇನಕ್ಕ?” ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು.

“ಅವನ್ನೂ ತೆಗಿ.”

ಮಮ್ತಾಜ್ ಡಬ್ಬಿ ತೆರೆದು ಹೋಳಿಗೆ ಮುರಿದಳು. “ಚಲೋ ಫೋಟೊ ಹಾಕಸವ್ವಾ. ಇದರಾಗ ಆಧಾರ್ ಕಾರ್ಡಿನ್ಯಾಗ ಕಂಡಂಗ ಕಾಣತೇನಿ!” ಎಂದು ಅರ್ಧ ತುಂಡನ್ನು ನನ್ನ ಬಾಯಿಗಿಟ್ಟಳು.

ಫ್ಲೆಕ್ಸ್ ಬದಲಾಗಿದೆ. ಗಣ್ಯರೆಲ್ಲ ಅವರವರ ದೇಶಕ್ಕೆ ಮರಳಿದ್ದಾರೆ.

ಅಂದಹಾಗೆ, ನಿಮಗೆ ಐವತ್ತಾದ ದಿನ ನಿಮ್ಮ ಪಕ್ಕದಲ್ಲಿ ಕೂತು ಹೋಳಿಗೆ ಉಂಡವರಿಗೆ ಎಷ್ಟಾಗಿತ್ತು?