ಭಾವನ ಕಾಲು, ಅಕ್ಕನ ಕಣ್ಣು

ನನ್ನ ಭಾವ ನಿದ್ದೆಯಲ್ಲೂ ಫುಟ್‌ಬಾಲ್ ಆಡುತ್ತಾರೆ ಅಂತ ಹಲಸೂರಿನ ಅರ್ಧ ಜನಕ್ಕೆ ಗೊತ್ತಿತ್ತು.

ಒಂದು ಕಾಲದಲ್ಲಿ ಅವರು ಫ್ಯಾಕ್ಟರಿ ಟೀಮಿನ ಸೆಂಟರ್ ಫಾರ್ವರ್ಡ್. ಈಗ ರಿಟೈರ್ ಆಗುವ ವಯಸ್ಸು. ಆದರೂ ಜೋಗುಪಾಳ್ಯದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಉಂಡು ಮಲಗಿದರೆ ಸಾಕು, ಪಾದ ಮೇಲಕ್ಕೆ ಎಳೆದುಕೊಳ್ಳುತ್ತದೆ, ಮೊಣಕಾಲು ಮಡಚುತ್ತದೆ, ಒಂದು ಒದೆ! ಸ್ವಲ್ಪ ಹೊತ್ತಿಗೆ ಇನ್ನೊಂದು. ಮನೆಗೆ ಬಂದ ಗೆಳೆಯರು ‘ಗೋಲ್!’ ಅಂತ ಕೂಗಿ ನಗುತ್ತಿದ್ದರು. ಭಾವನಿಗೂ ಅದೊಂದು ಹೆಮ್ಮೆಯೇ.

ನಗದೇ ಇದ್ದವಳು ನನ್ನ ಅಕ್ಕ ಒಬ್ಬಳೇ. (ಪಕ್ಕದಲ್ಲಿ ಮಲಗುವವರಿಗೆ ತಾನೇ ಒದೆಯ ರುಚಿ ಗೊತ್ತಿರುವುದು?) “ಇದು ಆಟ ಅಲ್ಲ ಕಣೋ. ರಾತ್ರಿಯೆಲ್ಲ ಒಂದೇ ಥರ ಒದೀತಾನೇ ಇರ್ತಾರೆ. ಬೆಳಿಗ್ಗೆ ಎದ್ರೆ ಸುಸ್ತು ಅಂತಾರೆ. ಡಾಕ್ಟರ್‌ಗೆ ತೋರಿಸೋಣ” ಅಂದಳು.

“ಕಾಲು ಅಲ್ಲಾಡ್ತು ಅಂತ ಡಾಕ್ಟರ್ ಹತ್ರ ಹೋದ್ರೆ ನಗ್ತಾರೆ ಕಣೇ” ಎಂದು ಭಾವ ರೇಗಿದರು. ಅಕ್ಕ ಬಿಡಲಿಲ್ಲ.

ಡಾಕ್ಟರ್ ನಗಲಿಲ್ಲ. ಬಿಪಿ ನೋಡಿದರು. ವಿಪರೀತ ಇತ್ತು. “ನಿದ್ದೇಲಿ ಕಾಲು ಹೀಗೆ ಎಳೆದಾಗೆಲ್ಲ ಬಿಪಿನೂ ಏರುತ್ತೆ. ಇದ್ರಿಂದಲೇ ಸ್ಟ್ರೋಕ್ ಬರುತ್ತೆ ಅನ್ನೋಕಾಗಲ್ಲ. ಆದ್ರೆ ಎರಡಕ್ಕೂ ನಂಟಿರಬಹುದು ಅನ್ನೋ ಅನುಮಾನ ಇದೆ. ಹುಷಾರು” ಅಂದರು.

ಭಾವ ಮಾತ್ರೆ ಚೀಟಿ ಹಿಡಿದು ಎದ್ದರು. ಅಕ್ಕ ಏಳಲಿಲ್ಲ. “ಸ್ಟ್ರೋಕ್ ಬಂದ್ರೆ ನಂಗೆ ಹೇಗೆ ಗೊತ್ತಾಗುತ್ತೆ ಸರ್?” ಎಂದು ಕೇಳಿದಳು. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ಎಲ್ಲ ತಿಳಿದುಕೊಂಡೇ ಹೊರಟಳು.

ಹೋದ ತಿಂಗಳು ತಿಂಡಿ ಹೊತ್ತಿನಲ್ಲಿ ಭಾವನ ಕೈಯಿಂದ ಕಾಫಿ ಲೋಟ ಜಾರಿತು. ತುಟಿ ಒಂದು ಕಡೆ ಇಳಿದಿತ್ತು. “ಏನಿಲ್ಲ... ಸ್ವಲ್ಪ ಮಲಗ್ತೀನಿ” ಎಂದು ತೊದಲಿದರು. ಪಕ್ಕದ ಮನೆಯವರು “ಗ್ಯಾಸ್ ಇರ್ಬೇಕು, ಸೋಡಾ ಕುಡಿಸಿ” ಅಂದರಂತೆ.

“ಮಲಗೋದು ಆಮೇಲೆ. ಏಳ್ರೀ!” ಎಂದವಳೇ ಅಕ್ಕ ಆಟೊ ಹತ್ತಿಸಿದಳು. ಮೆಟ್ರೋಗೆಂದು ಅಗೆದಿಟ್ಟ ರಸ್ತೆಯಲ್ಲಿ ಆಟೊ ಸಿಕ್ಕಿಕೊಂಡಿತು. ಕೆಳಗಿಳಿದು, ಅಡ್ಡ ನಿಂತ ಗಾಡಿಗಳನ್ನು ತಟ್ಟಿ ತಟ್ಟಿ ದಾರಿ ಬಿಡಿಸಿದಳು. ಕನ್ನಡ, ತಮಿಳು, ಉರ್ದು ಮೂರರಲ್ಲೂ ಬೈದಳಂತೆ!

ಸ್ಕ್ಯಾನ್ ಆಯಿತು, ಇಂಜೆಕ್ಷನ್ ಆಯಿತು. “ಒಳ್ಳೇ ಟೈಮಿಗೆ ಕರ್ಕೊಂಡು ಬಂದ್ರಮ್ಮಾ” ಅಂದರು ಆಸ್ಪತ್ರೆಯ ಡಾಕ್ಟರ್.

ಈಗ ಭಾವನ ಬಲಗೈ ಕೊಂಚ ನಿಧಾನ. ಮಾತು ಸ್ಪಷ್ಟ, ನಡಿಗೆ ನೆಟ್ಟಗೆ. ಮೊನ್ನೆ ಹಲಸೂರು ಕೆರೆ ಹತ್ತಿರ ಮೂವರೂ ವಾಕಿಂಗ್ ಹೊರಟಿದ್ದೆವು. ಎದುರಾದ ಗೆಳೆಯರಿಗೆಲ್ಲ ಭಾವ ಅಕ್ಕನನ್ನು ತೋರಿಸಿ, “ಇವಳಿಂದ ಉಳ್ಕೊಂಡೆ ಗುರು” ಅಂದರು. “ನಮ್ಮಕ್ಕ!” ಅಂತ ನಾನೂ ಪ್ರತಿ ಸಲ ಸೇರಿಸಿದೆ. ಹೆಮ್ಮೆ ಪಡೋಕೆ ಟ್ಯಾಕ್ಸ್ ಇದೆಯೇ?

ಅಲ್ಲ ಸ್ವಾಮಿ, ಮನೆಯ ಹೆಂಗಸರು ‘ಡಾಕ್ಟರ್‌ಗೆ ತೋರಿಸೋಣ’ ಅಂದ ಕೂಡಲೇ ನಮ್ಮ ಗಂಡಸರಿಗೆ ಅದೇನು ಅವಮಾನ?